ಎಲ್ಲಾ ಒಂದೇ ತಾನೆ, ಸರ್?

"ಸರ್, ‘ಸಾಮಾನ್ಯ’ ಅನ್ನೋಕೆ ಚೀನೀ ಭಾಷೇಲಿ ಇಷ್ಟೊಂದು ಚೆಂಗ್‌ಯು ಇದಾವಲ್ಲ, ಎಲ್ಲಾ ಒಂದೇ ತಾನೆ? ಒಂದು ಕಲಿತರೆ ಸಾಕಲ್ವಾ?"

ಸಾಲಲ್ಲ. ಚೆಂಗ್‌ಯು ಅಂದರೆ ಹೆಚ್ಚಾಗಿ ನಾಲ್ಕೇ ಅಕ್ಷರದ ಹಳೇ ನುಡಿಗಟ್ಟು. ಪ್ರತಿ ಬ್ಯಾಚಿನಲ್ಲೂ ಇದೇ ಪ್ರಶ್ನೆ. ಇನ್ನು ಮೇಲೆ ಬಾಯಿ ನೋಯಿಸಿಕೊಳ್ಳಲ್ಲ, ಇದನ್ನೇ ಓದಿಕೊಳ್ಳಿ. ಸಮಾನಾರ್ಥಕಗಳ ಪಟ್ಟಿ ನಂಬಿ ನಾನೇ ಒಮ್ಮೆ ಮಾನ ಕಳಕೊಂಡವನು.

ಚೀನಾದ ಚೆಂಗ್ದುವಿನಲ್ಲಿ ಓದುತ್ತಿದ್ದಾಗ ಗೆಳೆಯನ ತಾಯಿ ಊಟಕ್ಕೆ ಕರೆದಿದ್ದರು. ಮೇಜಿನ ಮೇಲೆ ಹನ್ನೊಂದು ಬಗೆ. ಮೀನಿನ ಮೇಲೆ ಹುರಿದ ಒಣಮೆಣಸಿನಕಾಯಿ ಇನ್ನೂ ಚಟಪಟ ಅನ್ನುತ್ತಿತ್ತು. "ಏನಿಲ್ಲಪ್ಪ, ಜಿಯಾಚಾಂಗ್ ಬಿಯೆನ್‌ಫಾನ್" ಅಂದರು. ದಿನದ ಮನೆಯೂಟ ಅಂತ. "ಓವರ್‌ಟೈಮು ನಮಗೆ ಜಿಯಾಚಾಂಗ್ ಬಿಯೆನ್‌ಫಾನ್" ಅಂತಲೂ ಹೇಳುವುದುಂಟು, ಹಾಗಾಗಿ ನನ್ನ ಪಟ್ಟಿಯಲ್ಲಿ ಅದರ ಮುಂದೆ ‘ಸರ್ವೇಸಾಮಾನ್ಯ’ ಅಂತಿತ್ತು. ಕಲಿತವನು ಸುಮ್ಮನಿರಬೇಕೆ? "ಹೌದು ಆಯಿ, ಜಿಯಾಚಾಂಗ್ ಬಿಯೆನ್‌ಫಾನ್!" ಅಂದೆ. (ಅಲ್ಲಿ ಆಯಿ ಅಂದರೆ ಆಂಟಿ.) ಗೆಳೆಯ ಮೇಜಿನಡಿ ಕಾಲು ತುಳಿದ. ಒಬ್ಬಟ್ಟು ಬಡಿಸುತ್ತಾ "ಏನೂ ಮಾಡಿಲ್ಲ" ಅಂದವರಿಗೆ "ಹೌದ್ರೀ, ಏನೂ ಮಾಡಿಲ್ಲ" ಅಂದ ಹಾಗೆ.

ಉಳಿದವೂ ಒಂದೇ ಅಲ್ಲ. ‘ಬಿಬಿ ಜಿಯೆಶಿ’ ಲೆಕ್ಕದ ಮಾತು: ಎಲ್ಲಿ ನೋಡಿದರೂ ಅದೇ. ‘ಸೀಕೊಂಗ್ ಜಿಯೆನ್‌ಗ್ವಾನ್’ ಕಣ್ಣಿನ ಮಾತು: ನೋಡಿ ನೋಡಿ ಏನೂ ಅನ್ನಿಸದಾಗಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವಾಗ ನೀವೇನು ಗಿಡ ಎಣಿಸ್ತೀರಾ? ವಿರುದ್ಧಪದಗಳೂ ಹೀಗೇ. ‘ಫೆಂಗ್‌ಮಾವ್ ಲಿನ್‌ಜಿಯಾವ್’, ಅಂದರೆ ಫೀನಿಕ್ಸಿನ ಗರಿ, ಪುರಾಣಕಥೆಯ ಚಿಲಿನ್ ಮೃಗದ ಕೊಂಬು: ವಸ್ತುವೇ ಅಪರೂಪ. ‘ಶಾವ್‌ಜಿಯೆನ್ ದ್ವೊಗ್ವಾಯ್’ ಅಂದರೆ ಕಂಡದ್ದು ಕಮ್ಮಿ, ಬೆರಗು ಜಾಸ್ತಿ: ವಸ್ತು ಮಾಮೂಲೇ, ನೋಡುವವನೇ ಹಳ್ಳಿಗಮಾರ. ಯಾರಿಗಾದರೂ ಎದುರಿಗೇ ಅಂದೀರಿ, ಜೋಕೆ.

ಯಾರ ಕಣ್ಣಿಗೆ ಸಾಮಾನ್ಯ ಅಂತ ಒಬ್ಬರಾದರೂ ಕೇಳಬಾರದೆ? ಕೇಳಿದ್ದರೆ ಕಥೆ ಹೇಳುತ್ತಿದ್ದೆ. ಸೀಕೊಂಗ್ ಅನ್ನುವುದು ಹಳೇ ಚೀನಾದ ದೊಡ್ಡ ಹುದ್ದೆ. ತಾಂಗ್ ಕಾಲದ ಕವಿ ಲಿಯು ಯುಶಿ (772–842) ಅಂಥ ಹುದ್ದೆಯಲ್ಲಿದ್ದವನೊಬ್ಬನ ಮನೆ ಔತಣಕ್ಕೆ ಹೋದನಂತೆ. ಎತ್ತರದ ತುರುಬಿನ ಹುಡುಗಿ ಹಾಡಿದಳು. ಆತಿಥೇಯನಿಗೆ ಅದು ದಿನಾ ಇದ್ದದ್ದೇ. ಕವಿ ಕೂತಲ್ಲೇ ಪದ್ಯ ಕಟ್ಟಿದ: ಸೀಕೊಂಗನಿಗೆ ನೋಡಿ ರೂಢಿ, ನನಗೋ ಕರುಳು ಕಿತ್ತು ಬರುತ್ತಿದೆ. ಜನ ಮೊದಲರ್ಧ ಇಟ್ಟುಕೊಂಡರು. ಕರುಳು ಯಾವ ಪಟ್ಟಿಗೂ ಹತ್ತಲಿಲ್ಲ.

ಅಂದ ಹಾಗೆ, ಹೊರಡುವಾಗ ಆಯಿ ಉಳಿದ ಮೀನನ್ನು ಡಬ್ಬಿಗೆ ಹಾಕಿಕೊಟ್ಟರು. ಈ ಸಲ "ಏನಿಲ್ಲಪ್ಪ" ಅನ್ನಲಿಲ್ಲ.