ಟ್ಯುಲಿಪ್ ಅಂತ ಹೋಗಿ ಬಾದಾಮಿ ಹೂವು ನೋಡಿದ್ದು: ಮಾರ್ಚ್‌ನಲ್ಲಿ ಶ್ರೀನಗರಕ್ಕೆ ಹೊರಡುವವರಿಗೆ

2024ರ ಮಾರ್ಚ್ 16ಕ್ಕೆ ಶ್ರೀನಗರದಲ್ಲಿ ಇಳಿದೆವು. ನಾನು, ನಮ್ಮ ಯಜಮಾನರು, ಅರವತ್ತೆಂಟು ವರ್ಷದ ಅಮ್ಮ. ಪ್ಯಾಕೇಜ್ ಮಾಡಿಕೊಟ್ಟವರು ಕಳಿಸಿದ್ದ ಹಾಳೆಯಲ್ಲಿ ಎರಡನೇ ದಿನದ ಎದುರು 'ಟ್ಯುಲಿಪ್ ಗಾರ್ಡನ್' ಅಂತ ದಪ್ಪಕ್ಷರದಲ್ಲಿತ್ತು. ಆ ದಿನ ಡ್ರೈವರ್ ಜಬರ್ವಾನ್ ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ, ಮುಚ್ಚಿದ ಗೇಟಿನ ಕಡೆ ಕೈತೋರಿಸಿ, "ಇದೇ ಗಾರ್ಡನ್ ಮಾತಾಜಿ, ಇನ್ನೂ ತೆರೆದಿಲ್ಲ" ಎಂದ. ಬೇಲಿಯಾಚೆ ಮಡಿ ಮಡಿಯಾಗಿ ಹಸಿರು ಎಲೆಗಳು. ದೂರಕ್ಕೆ ಈರುಳ್ಳಿ ಪೈರಿನ ಹಾಗೆ ಕಾಣುತ್ತಿತ್ತು, ಹೂವು ಒಂದೂ ಇಲ್ಲ. ಅಲ್ಲಿಂದಲೇ ಪ್ಯಾಕೇಜಿನವರಿಗೆ ಫೋನ್ ಮಾಡಿದೆವು. "ಗಾರ್ಡನ್ ಭೇಟಿ ಅಂತ ಬರೆದಿದ್ದೇವೆ ಮೇಡಂ, ಹೂವು ಇರುತ್ತೆ ಅಂತ ಬರೆದಿಲ್ಲವಲ್ಲ" ಅನ್ನುವ ಉತ್ತರ ಬಂತು. ನಾವು 22ಕ್ಕೆ ಶ್ರೀನಗರ ಬಿಟ್ಟೆವು. 23ಕ್ಕೆ ಗಾರ್ಡನ್ ತೆರೆಯಿತು.

(ಆ ಫೋನ್ ಮಾಡಿದ್ದೂ ಯಜಮಾನರ ಮೊಬೈಲಿನಿಂದ. ಹೊರ ರಾಜ್ಯದ ಪ್ರಿಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ಮನೆಯಲ್ಲಿ ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್ ಇರಲಿ.)

ಅದಕ್ಕೇ ಮೊದಲು ತಾರೀಖಿನ ವಿಷಯ. ಟ್ಯುಲಿಪ್ ಗಾರ್ಡನ್ ವರ್ಷವಿಡೀ ತೆರೆದಿರುವ ಜಾಗ ಅಲ್ಲ, ವರ್ಷಕ್ಕೆ ಸುಮಾರು ಒಂದು ತಿಂಗಳು ಮಾತ್ರ. ತೆರೆಯುವ ದಿನವೂ ಚಳಿ ಯಾವಾಗ ಬಿಡುತ್ತದೆ ಅನ್ನುವುದರ ಮೇಲೆ ನಿಂತಿದೆ. 2023ರಲ್ಲಿ ಮಾರ್ಚ್ 19, 2024ರಲ್ಲಿ 23, 2025ರಲ್ಲಿ 26. ತೆರೆದ ದಿನ ಎಲ್ಲ ಮಡಿಯೂ ಅರಳಿರುವುದಿಲ್ಲ. ಬೇಗ ಅರಳುವ, ನಡುವೆ ಅರಳುವ, ತಡವಾಗಿ ಅರಳುವ ತಳಿಗಳನ್ನು ಬೇರೆ ಬೇರೆಯಾಗಿ ನೆಟ್ಟಿರುತ್ತಾರೆ. ಹಾಗಾಗಿ ಟ್ಯುಲಿಪ್ಪೇ ಮುಖ್ಯ ಅನ್ನುವವರು ಏಪ್ರಿಲ್ ಮೊದಲ ವಾರ ಇಟ್ಟುಕೊಳ್ಳಿ. ಮಾರ್ಚ್ ನಡುವಿನ ಟಿಕೆಟ್ ಅಗ್ಗ ಅಂತ ಯಾರಾದರೂ ಹೇಳಿದರೆ, ಯಾಕೆ ಅಗ್ಗ ಅಂತ ಕೇಳಿ.

ಆದರೆ ಮಾರ್ಚ್ ನಡುವೆ ಹೋದದ್ದಕ್ಕೆ ಈಗ ನನಗೆ ಬೇಸರವಿಲ್ಲ. ಆ ಹೊತ್ತಿಗೆ ಅರಳುವುದು ಬಾದಾಮಿ. ಹರಿ ಪರ್ಬತ್ ಗುಡ್ಡದ ಬುಡದಲ್ಲಿ ಬಾದಾಮ್‌ವಾರಿ ಅನ್ನುವ ತೋಟವಿದೆ. ನಮ್ಮ ಹಾಳೆಯಲ್ಲಿ ಅದರ ಹೆಸರೇ ಇರಲಿಲ್ಲ. "ಅಲ್ಲೇನಿದೆ, ಬರೀ ಮರ" ಅಂದ ಡ್ರೈವರ್‌ಗೆ ಅಮ್ಮ ಹಟ ಹಿಡಿದೇ ಕರೆದುಕೊಂಡು ಹೋಗುವಂತೆ ಮಾಡಿದರು. ಒಳಗೆ ಕಾಲಿಟ್ಟ ಮೇಲೆ ಮೂವರಿಗೂ ಮಾತೇ ಹೊರಡಲಿಲ್ಲ. ಬಾದಾಮಿ ಎಲೆ ಬರುವ ಮುಂಚೆಯೇ ಹೂ ಬಿಡುತ್ತದೆ. ಕಪ್ಪು, ಒರಟು, ಒಣಗಿದಂತೆ ಕಾಣುವ ಕೊಂಬೆಯ ಉದ್ದಕ್ಕೂ ಬಿಳಿ ಹೂವು, ನಡುವೆ ಒಂದಿಷ್ಟು ಗುಲಾಬಿ ಬಣ್ಣ, ಅದರ ಹಿಂದೆ ಅಕ್ಬರ್ ಕಟ್ಟಿಸಿದ ಕೋಟೆ ಗೋಡೆ, ಅದರಾಚೆ ಹಿಮ ಕರಗದ ಬೆಟ್ಟ. ಜೇನುನೊಣಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕಾಶ್ಮೀರಿಗಳು ವಸಂತಕ್ಕೆ ಸೋಂತ್ ಅನ್ನುತ್ತಾರೆ. ಡಿಸೆಂಬರ್ 21ಕ್ಕೆ ಶುರುವಾಗುವ ನಲವತ್ತು ದಿನದ ಚಿಲ್ಲೈ ಕಲಾನ್, ಆಮೇಲೆ ಇಪ್ಪತ್ತು ದಿನ, ಮತ್ತೆ ಹತ್ತು ದಿನ, ಹೀಗೆ ಎಪ್ಪತ್ತು ದಿನ ಕೊರೆಯುವ ಚಳಿ ಕಳೆದವರಿಗೆ ಈ ಮರ ಏನೆಂದು ಅಲ್ಲಿ ನಿಂತಾಗ ಅರ್ಥವಾಯಿತು. ರಂಜಾನ್ ಉಪವಾಸದ ತಿಂಗಳಾದ್ದರಿಂದ ಊಟ ಕಟ್ಟಿಕೊಂಡು ಬಂದು ಕೂರುವ ಕುಟುಂಬಗಳೂ ಇರಲಿಲ್ಲ. ನನಗೆ ಜನಜಂಗುಳಿ ಆಗುವುದಿಲ್ಲ, ಇದನ್ನು ಗಮನದಲ್ಲಿಟ್ಟುಕೊಂಡು ನನ್ನ ಮಾತು ಓದಿ. ಅರ್ಧ ಗಂಟೆ ಅಂತ ಹೋದವರು ಮೂರು ಗಂಟೆ ಕೂತೆವು.

ಉಳಿದ ದಿನಗಳಲ್ಲಿ ಹಿಮ ನೋಡಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಬೇರೆಯವರು ಸಾಕಷ್ಟಿದ್ದಾರೆ. ನಿಶಾತ್, ಶಾಲಿಮಾರ್ ಎಂಬ ಮೊಘಲರ ತೋಟಗಳಿಗೆ ಮಾರ್ಚ್ ನಡುವೆ ಹೂವಿನ ಆಸೆಯಿಂದ ಹೋಗಬೇಡಿ. ಚಿನಾರ್ ಮರಗಳಿಗೆ ಆಗ ಎಲೆಯೇ ಇರುವುದಿಲ್ಲ. ಇನ್ನೊಂದು, ಪಾಂಪೋರ್‌ನಲ್ಲಿ ಕೇಸರಿ ಹೊಲ ತೋರಿಸುತ್ತೇನೆ ಅಂದರೆ ಬೇಡ ಅನ್ನಿ. ಕೇಸರಿ ಹೂ ಬಿಡುವುದು ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ. ನಮಗೆ ಬರೀ ಮಣ್ಣು ತೋರಿಸಿ, ಪಕ್ಕದ ಅಂಗಡಿಯಲ್ಲಿ ಒಂದು ಗಂಟೆ ಕೂರಿಸಿದರು.

ಈಗ ನಾವು ಮೊದಲು ಉಳಿದುಕೊಂಡ ಹೌಸ್‌ಬೋಟ್ ವಿಷಯ. ರಾತ್ರಿಗೆ 4,500 ರೂಪಾಯಿ, ಎರಡು ರಾತ್ರಿಗೆ ಮುಂಗಡ ಕೊಟ್ಟಾಗಿತ್ತು. ಫೋಟೋದಲ್ಲಿ ಕೆತ್ತನೆ ಕೆಲಸದ ಛಾವಣಿ, ಮಧ್ಯೆ ಸೌದೆ ಒಲೆ, ಅವರು ಅದಕ್ಕೆ ಬುಖಾರಿ ಅನ್ನುತ್ತಾರೆ. ಹೋದ ಮೇಲೆ ತಿಳಿದದ್ದು, ಚಳಿಗಾಲ ಮುಗಿಯಿತು, ಇನ್ನು ಬುಖಾರಿ ಹಚ್ಚುವುದಿಲ್ಲ ಅಂತ. ಕರೆಂಟ್ ಹೀಟರ್ ಬೇಕಾದರೆ ದಿನಕ್ಕೆ 500 ಬೇರೆ. ಕೊಟ್ಟೆವು. ರಾತ್ರಿ ಹನ್ನೊಂದಕ್ಕೆ ಹೋದ ಕರೆಂಟ್ ಬೆಳಿಗ್ಗೆ ಐದಕ್ಕೆ ಬಂತು. ಅಮ್ಮ ಸ್ವೆಟರ್ ಮೇಲೆ ಕೋಟು, ಅದರ ಮೇಲೆ ಎರಡು ರಜಾಯಿ ಹೊದ್ದು ಕೂತೇ ಬೆಳಗು ಮಾಡಿದರು. ನನಗೆ ಆ ರಾತ್ರಿಯ ಸಿಟ್ಟು ಇವತ್ತಿಗೂ ಇಳಿದಿಲ್ಲ. ಸಾಲದ್ದಕ್ಕೆ ಆ ಬೋಟ್ ಹಿಂದಿನ ಸಾಲಿನಲ್ಲಿತ್ತು, ದಡಕ್ಕೆ ಬರಬೇಕಾದರೆ ಶಿಕಾರಾ ಬೇಕು, ಸಂಜೆ ಆರರ ನಂತರ ಪ್ರತಿ ಸಲಕ್ಕೂ ದುಡ್ಡು. ಮುಂಗಡ ಕೊಡುವ ಮುನ್ನ ಮೂರು ಮಾತು ಬರಹದಲ್ಲೇ ಕೇಳಿ: ಬುಖಾರಿ ಯಾವ ತಾರೀಖಿನವರೆಗೆ ಹಚ್ಚುತ್ತೀರಿ, ಕರೆಂಟ್ ಹೋದರೆ ಏನು ವ್ಯವಸ್ಥೆ, ದಡಕ್ಕೆ ಹೋಗಿಬರುವ ದೋಣಿ ಬಾಡಿಗೆಯಲ್ಲೇ ಸೇರಿದೆಯೇ. ಜೊತೆಗೆ ವಯಸ್ಸಾದವರಿದ್ದರೆ ಮಾರ್ಚ್‌ನಲ್ಲಿ ನೀರಿನ ಮೇಲೆ ಮಲಗುವುದೇ ಬೇಡ. ಮೂರನೇ ದಿನ ರಾಜ್‌ಬಾಗ್‌ನ ಒಂದು ಗೆಸ್ಟ್‌ಹೌಸಿಗೆ ಬಂದೆವು. ಬಾಡಿಗೆ ಅದರ ಅರ್ಧ, ಅಲ್ಲಿಯ ಅಜ್ಜಿ ಅಮ್ಮನ ಮಡಿಲಿಗೆ ಕಾಂಗ್ರಿ, ಅಂದರೆ ಬೆತ್ತ ಹೆಣೆದ ಕೆಂಡದ ಮಡಕೆ, ಇಟ್ಟುಕೊಟ್ಟರು.

ರಂಜಾನ್ ಆದ್ದರಿಂದ ಹಗಲು ಬಹಳ ಹೋಟೆಲುಗಳು ಮುಚ್ಚಿದ್ದವು. ಸಸ್ಯಾಹಾರಿಗಳಾದ ನಮ್ಮನ್ನು ಕಾಪಾಡಿದ್ದು ದಾಲ್‌ಗೇಟ್ ಹತ್ತಿರದ ಒಂದು ಸಣ್ಣ ವೈಷ್ಣೋ ಹೋಟೆಲು. ನಾಲ್ಕೇ ಮೇಜು. ಮೊದಲ ದಿನವೇ ಹಬೆಯಾಡುವ ಅನ್ನ, ಮೇಲೆ ಹಾಖ್ ಅನ್ನುವ ಸೊಪ್ಪು. ಸಾಸಿವೆ ಎಣ್ಣೆ, ಇಂಗು, ಮೆಣಸಿನಕಾಯಿ, ಉಪ್ಪು, ನೀರು, ಅಷ್ಟೇ. ಮಸಾಲೆ ಇಲ್ಲ, ಸೊಪ್ಪು ಕಲಸಿ ಮುದ್ದೆಯಾಗಿಲ್ಲ, ಎಲೆ ಎಲೆಯಾಗಿ ತಿಳಿ ರಸದಲ್ಲಿ ತೇಲುತ್ತದೆ. ಅಮ್ಮ ಆ ರಸವನ್ನು ಬಟ್ಟಲಲ್ಲಿ ಕುಡಿದು, "ಸೊಪ್ಪು ಬಸಿದ ನೀರು ಚೆಲ್ಲುವವರು ಇದನ್ನು ಕುಡಿಯಬೇಕು" ಎಂದರು. ಅಲ್ಲಿ ಅನ್ನಕ್ಕೆ ಬತ್ತ ಅನ್ನುತ್ತಾರೆಂದು ಕೇಳಿ ಅವರಿಗೆ ಇನ್ನೂ ಖುಷಿ. ಇನ್ನೊಂದು ದಿನ ತಾವರೆ ದಂಟಿನ ಯಖ್ನಿ ಸಿಕ್ಕಿತು, ಮೊಸರಿನ ರಸ, ಸೋಂಪು ಮತ್ತು ಶುಂಠಿ ಪುಡಿಯ ಘಮ, ನಮ್ಮ ಮಜ್ಜಿಗೆ ಹುಳಿಯ ದೂರದ ನೆಂಟ. ಅನ್ನ, ಹಾಖ್, ರಾಜ್ಮಾ ಸೇರಿ 120 ರೂಪಾಯಿ. ಅನ್ನ ಮತ್ತೆ ಕೇಳಿದರೆ ಮುಖ ಸಿಂಡರಿಸಲಿಲ್ಲ, ಅಮ್ಮನಿಗೆ ಕೇಳದೆಯೇ ಬಿಸಿನೀರು. ಐದು ಸಲ ಹೋದೆವು. ಪ್ಯಾಕೇಜಿನ ಊಟಕ್ಕೆ ದುಡ್ಡು ಕಟ್ಟಬೇಡಿ, ಅವರು ದಿನವೂ ಪನೀರ್ ಕೊಡುತ್ತಾರೆ.

ಟ್ಯುಲಿಪ್ ಬಿಟ್ಟೆವಲ್ಲ ಅನ್ನುವ ಕೊರಗಿಗೆ 2025ರ ಏಪ್ರಿಲ್ ಮೊದಲ ವಾರ ನಾವೇ ಟಿಕೆಟ್ ಮಾಡಿ ಮತ್ತೆ ಹೋದೆವು. ರಂಜಾನ್ ಹಬ್ಬ ಮಾರ್ಚ್ 31ಕ್ಕೆ ಆಗಿತ್ತು, ಊರಿಗೆ ಊರೇ ಗಾರ್ಡನ್‌ನಲ್ಲಿತ್ತು. ಹೂವು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ, ಇಡೀ ಇಳಿಜಾರು ಬಣ್ಣ. ಆದರೆ ನಿಂತು ನೋಡಲು ಬಿಡುವುದಿಲ್ಲ, ಹಿಂದಿನವರು ಫೋಟೋಗೆ ಸರಿಯಿರಿ ಅನ್ನುತ್ತಲೇ ಇರುತ್ತಾರೆ. ನಾವು ಕಂಡುಕೊಂಡ ಉಪಾಯ ಇದು: ವಾರದ ನಡುವಿನ ದಿನ, ಬಾಗಿಲು ತೆರೆಯುವಾಗಲೇ ಒಳಗೆ ಹೋಗಿ ಸೀದಾ ಮೇಲಿನ ಹಂತಕ್ಕೆ ಹತ್ತಿಬಿಡಿ. ತಂಪಿನಲ್ಲಿ ಟ್ಯುಲಿಪ್ ಮೊಗ್ಗಿನಂತೆ ಮುಚ್ಚಿರುತ್ತದೆ, ಬಿಸಿಲು ಏರಿದ ಹಾಗೆ ಬಿಚ್ಚುತ್ತದೆ. ನೀವು ನಿಧಾನ ಇಳಿದುಬರುವಷ್ಟರಲ್ಲಿ ಕೆಳಗಿನವು ಅರಳಿರುತ್ತವೆ. ಬಹುತೇಕ ಟ್ಯುಲಿಪ್‌ಗೆ ಪರಿಮಳವಿಲ್ಲ, ಅಲ್ಲಿ ಘಮ್ಮೆನ್ನುವುದು ಹಯಸಿಂತ್, ಅದರ ಮಡಿ ಹುಡುಕಿ ಹತ್ತಿರ ಬಗ್ಗಿ.

ಆ ಸಲವೂ ಬಾದಾಮ್‌ವಾರಿಗೆ ಹೋದೆವು. ಹೂವು ಉದುರಿ ಎಳೆ ಎಲೆ ಬಂದಿತ್ತು. ಎರಡೂ ತುಂಬು ಅರಳಿದ್ದು ಒಂದೇ ಪ್ರಯಾಣದಲ್ಲಿ ಸಿಗುವುದು ಕಷ್ಟ, ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಕೆಲವು ತಾಣಗಳನ್ನು ಮುಚ್ಚಿ ಹಂತ ಹಂತವಾಗಿ ತೆರೆದರು, ಹಾಗಾಗಿ ಹೊರಡುವ ವಾರ ಯಾವುದು ತೆರೆದಿದೆ ಎಂದು ವಿಚಾರಿಸಿ. ಬಾದಾಮಿ ಆರಿಸಿಕೊಂಡರೆ ಶ್ರೀನಗರಕ್ಕೆ ಇಳಿದ ದಿನವೇ ಹೋಗಿ, ನಾಳೆಗೆ ಇಡಬೇಡಿ. ಒಂದು ರಾತ್ರಿಯ ಗಾಳಿಮಳೆಗೆ ಅಷ್ಟೂ ಹೂವು ನೆಲದಲ್ಲಿರುತ್ತದೆ.