ಹೊಸ ಮೆಷಿನ್‌ಗೆ ನನ್ನ ಹಳೇ ತಪ್ಪು ಗೊತ್ತಿಲ್ಲ

ಒಂದೇ ಗೇಮಿಗೆ ಎರಡು ಸಲ ದುಡ್ಡು ಕೊಟ್ಟವನು ನಾನು. ಮೊದಲು ಕಂಪ್ಯೂಟರ್‌ಗೆ, ಆಮೇಲೆ ನಿಂಟೆಂಡೋ ಸ್ವಿಚ್ ಅನ್ನೋ ಗೇಮ್ ಮೆಷಿನ್‌ಗೆ. ಮನೆಯಲ್ಲಿ ಹೇಳಿದರೆ ಬೈಗುಳ ಗ್ಯಾರಂಟಿ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೇಮು ಅಂಡರ್‌ಟೇಲ್. ಮೊದಲೇ ಹೇಳಿಬಿಡುತ್ತೇನೆ, ಶುರುವಿನ ಒಂದು ಗಂಟೆಯ ಕಥೆಯ ಗುಟ್ಟು ಕೆಳಗೆ ಬಿಟ್ಟುಕೊಡುತ್ತೇನೆ. ಮುಂದೆ ಯಾವತ್ತಾದರೂ ಆಡೋಣ ಅಂತಿದ್ದರೆ ಇಲ್ಲಿಗೇ ನಿಲ್ಲಿಸಿ. ಬೇಜಾರಿಲ್ಲ.

ಇದನ್ನು ಮಾಡಿದ್ದು ಟೋಬಿ ಫಾಕ್ಸ್ ಅನ್ನೋ ಅಮೆರಿಕದ ಹುಡುಗ. ಕಥೆ ಅವನದೇ, ಸಂಗೀತವೂ ಅವನದೇ, ಪ್ರೋಗ್ರಾಮಿಂಗೂ ಅವನದೇ. ಚಿತ್ರಗಳಿಗೆ ಮಾತ್ರ ಟೆಮ್ಮಿ ಚಾಂಗ್ ಅನ್ನೋ ಕಲಾವಿದೆ ಜೊತೆಯಾದಳು. 2013ರಲ್ಲಿ ಜನರಿಂದ ಚಂದಾ ಎತ್ತೋ ಕಿಕ್‌ಸ್ಟಾರ್ಟರ್ ಅನ್ನೋ ವೆಬ್‌ಸೈಟಿನಲ್ಲಿ 5,000 ಡಾಲರ್ ಕೇಳಿದ, ಜನ 51,000ಕ್ಕೂ ಜಾಸ್ತಿ ಕೊಟ್ಟರು. 2015ರ ಸೆಪ್ಟೆಂಬರ್ 15ಕ್ಕೆ ಕಂಪ್ಯೂಟರ್‌ಗೆ ಬಂತು. ನೋಡೋಕೆ ಏನೂ ಇಲ್ಲ. ಕಪ್ಪು ಪರದೆ, ಬಿಳಿ ಗೆರೆಯ ರಾಕ್ಷಸರು, ಮಧ್ಯೆ ಒಂದು ಚೌಕ, ಅದರೊಳಗೆ ಪುಟ್ಟ ಕೆಂಪು ಹೃದಯ. ಎದುರಿನವರು ಎಸೆದಿದ್ದು ತಗುಲದ ಹಾಗೆ ಆ ಹೃದಯವನ್ನು ಓಡಿಸಬೇಕು. ನಿಮ್ಮ ಸರದಿ ಬಂದಾಗ ಹೊಡೆಯಬಹುದು, ಇಲ್ಲಾ ಮಾತಾಡಿಸಿ, ನಗಿಸಿ, ಮುದ್ದು ಮಾಡಿ, ಕೊನೆಗೆ ಬಿಟ್ಟು ಕಳಿಸಬಹುದು. ಯಾರನ್ನೂ ಕೊಲ್ಲದೆ ಇಡೀ ಗೇಮು ಮುಗಿಸಬಹುದು.

ಎಲ್ಲರೂ ಇದನ್ನು ರೆಟ್ರೋ, ಅಂದರೆ ಹಳೇ ಕಾಲದ ಥರದ ಗೇಮು ಅಂತಾರೆ. ಯಾರ ರೆಟ್ರೋ, ಸ್ವಾಮಿ? ಇದಕ್ಕೆ ಸ್ಫೂರ್ತಿ ಅರ್ಥ್‌ಬೌಂಡ್, 1994ರಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಸೂಪರ್ ನಿಂಟೆಂಡೋಗೆ ಬಂದ ಗೇಮು. ನಮ್ಮ ಬೀದಿಯಲ್ಲಿ ಅದರ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ. ನಮಗೆ ಇದ್ದಿದ್ದು ‘ಟಿವಿ ಗೇಮ್’. ಹಳದಿ ಕ್ಯಾಸೆಟ್ಟು, ಊದಿ ಊದಿ ಹಾಕಬೇಕು. ಕಾಂಟ್ರಾ ಇರುತ್ತಿತ್ತು, ಮಾರಿಯೋ ಇರುತ್ತಿತ್ತು, ಬಾತುಕೋಳಿಗೆ ಗುಂಡು ಹೊಡೆಯೋದು ಇರುತ್ತಿತ್ತು. ಕರೆಂಟು ಹೋದರೆ ಮೊದಲಿಂದ ಶುರು. ಸೇವ್ ಅನ್ನೋ ಪದವೇ ನಮಗೆ ಗೊತ್ತಿರಲಿಲ್ಲ. ಇಪ್ಪತ್ತು ಮೂವತ್ತು ಗಂಟೆ ಕೂತು ಕಥೆ ನೋಡುತ್ತಾ ಆಡೋ ಗೇಮು, ಸೇವ್ ಇಲ್ಲದ ಆ ಡಬ್ಬದಲ್ಲಿ ಎಲ್ಲಿಂದ ಬರಬೇಕು? ಹಾಗಾಗಿ ಅಂಡರ್‌ಟೇಲ್ ನೋಡಿದಾಗ ಬಾಲ್ಯ ಗೀಲ್ಯ ಏನೂ ನೆನಪಾಗಲಿಲ್ಲ. ಬೇರೆಯವರ ಮನೆಯ ಹಳೇ ಆಲ್ಬಂ ನೋಡಿದ ಹಾಗಾಯಿತು. ಚೆನ್ನಾಗಿದೆ, ಆದರೆ ನಮ್ಮವರು ಯಾರೂ ಅದರಲ್ಲಿಲ್ಲ.

ನನಗೆ ಈ ಥರದ ಗೇಮು ಅಂತ ಗೊತ್ತಿದ್ದಿದ್ದು ಪೋಕೆಮಾನ್ ಒಂದೇ, ಅದೂ ಕಾಲೇಜಿನಲ್ಲಿ, ಬೇರೆ ಮೆಷಿನ್‌ನ ಗೇಮನ್ನು ಕಂಪ್ಯೂಟರ್ ಮೇಲೆ ಓಡಿಸೋ ಎಮ್ಯುಲೇಟರ್ ಹಾಕಿಕೊಂಡು ಆಡಿದ್ದು. ಅಲ್ಲಿ ಕಲಿತ ಪಾಠ ಏನು? ಕಾಡಿನ ಪೋಕೆಮಾನ್ ಬೇಕಾದರೆ ಮೊದಲು ಹೊಡೆದು ಸುಸ್ತು ಮಾಡಬೇಕು, ಆಮೇಲೆ ಹಿಡಿಯಬೇಕು. ಈ ಪಾಠವೇ ನನ್ನನ್ನು ಹಾಳು ಮಾಡಿದ್ದು.

ಅಂಡರ್‌ಟೇಲ್ ಶುರುವಿನಲ್ಲಿ ಟೋರಿಯಲ್ ಅಂತ ಒಬ್ಬಳು ಬರುತ್ತಾಳೆ. ಮೇಕೆ ಮುಖದ ತಾಯಿ ಅಂದುಕೊಳ್ಳಿ. ಪಾತಾಳಕ್ಕೆ ಬಿದ್ದ ಮಗುವಿನ ಕೈ ಹಿಡಿದು ಮುಳ್ಳಿನ ದಾರಿ ದಾಟಿಸುತ್ತಾಳೆ, ಫೋನ್ ಕೊಡುತ್ತಾಳೆ, ಪೈ ಮಾಡಿ ಹಾಸಿಗೆ ಪಕ್ಕ ಇಟ್ಟು ಹೋಗುತ್ತಾಳೆ. ಆದರೆ ಹೊರಗೆ ಬಿಡೋದಿಲ್ಲ. ಹೊರಗೆ ಹೋದವರೆಲ್ಲ ಸತ್ತಿದ್ದಾರೆ, ನೀನು ಹೋಗಬೇಕಾದರೆ ನನ್ನನ್ನು ದಾಟಿ ಹೋಗು ಅನ್ನುತ್ತಾಳೆ. ಜಗಳ ಶುರು. ಮಾತಾಡಿಸಿದೆ, ಉಪಯೋಗವಾಗಲಿಲ್ಲ. ಬಿಟ್ಟುಬಿಡು ಅನ್ನೋದನ್ನು ಎರಡು ಮೂರು ಸಲ ಒತ್ತಿದೆ, ಬರೀ ಚುಕ್ಕಿ ಚುಕ್ಕಿ ಚುಕ್ಕಿ. ಸರಿ, ಸ್ವಲ್ಪ ಹೊಡೆದು ಸುಸ್ತು ಮಾಡೋಣ, ಆಮೇಲೆ ಬಿಡೋಣ ಅಂದುಕೊಂಡೆ. ಒಂದೊಂದೇ ಏಟು, ಲೆಕ್ಕ ಹಾಕಿಕೊಂಡು. ಅವಳ ಹೆಲ್ತ್ ಒಂದು ಹಂತಕ್ಕೆ ಇಳಿದಿದ್ದೇ ತಡ, ಅದುವರೆಗೆ ಸಣ್ಣದಾಗಿ ಬೀಳುತ್ತಿದ್ದ ಏಟು ಒಮ್ಮೆಲೇ ಭಾರೀ ಏಟಾಗಿ ಬಿತ್ತು. ಸತ್ತೇ ಹೋದಳು.

ಇದು ನನ್ನ ಕೈ ತಪ್ಪಿದ್ದಲ್ಲ, ಬೇಕಂತಲೇ ಹಾಗೆ ಮಾಡಿಟ್ಟಿದ್ದಾರೆ. ಪೋಕೆಮಾನ್ ಬುದ್ಧಿ ಇಟ್ಟುಕೊಂಡು ಬರುವವರಿಗೇ ತೋಡಿದ ಹಳ್ಳ. ಅವಳನ್ನು ಉಳಿಸೋ ದಾರಿ ಒಂದೇ, ಬಿಟ್ಟುಬಿಡು ಅನ್ನೋದನ್ನು ಇಪ್ಪತ್ತಕ್ಕೂ ಜಾಸ್ತಿ ಸಲ ಒತ್ತುತ್ತಾ ಹೋಗೋದು. ಇನ್ನೊಂದು ಆಮೇಲೆ ಗೊತ್ತಾಯಿತು: ನಮ್ಮ ಪ್ರಾಣ ಇನ್ನೇನು ಹೋಗುತ್ತೆ ಅನ್ನುವಾಗ ಅವಳು ಎಸೆಯೋ ಬೆಂಕಿ ನಮ್ಮ ಹೃದಯಕ್ಕೆ ತಗುಲದೆ ಪಕ್ಕಕ್ಕೆ ಸರಿದು ಹೋಗುತ್ತೆ. ಕೊಲ್ಲೋ ಮನಸ್ಸು ಅವಳಿಗೆ ಇಲ್ಲವೇ ಇಲ್ಲ.

ನಾನು ಎಲ್ಲರೂ ಮಾಡೋದನ್ನೇ ಮಾಡಿದೆ. ಸೇವ್ ಮಾಡದೆ ಗೇಮು ಮುಚ್ಚಿದೆ, ಮತ್ತೆ ತೆರೆದೆ, ಹಳೇ ಸೇವ್‌ನಿಂದ ಬಂದು ಈ ಸಲ ತಾಳ್ಮೆಯಿಂದ ಒತ್ತಿ ಒತ್ತಿ ಅವಳನ್ನು ಉಳಿಸಿದೆ. ಅಪ್ಪಿಕೊಂಡು ಕಳಿಸಿಕೊಟ್ಟಳು. ಸಮಾಧಾನವಾಯಿತು. ಬಾಗಿಲು ದಾಟಿದರೆ ಫ್ಲೋವಿ ಅನ್ನೋ ಹೂವು ಕೂತಿದೆ, ಹಲ್ಲು ಕಿರಿಯುತ್ತಾ. ನೀನು ಏನು ಮಾಡಿದೆ ಅಂತ ನನಗೆ ಗೊತ್ತು, ಅವಳನ್ನು ಕೊಂದೆ, ಆಮೇಲೆ ಪಶ್ಚಾತ್ತಾಪ ಪಟ್ಟು ಹಿಂದೆ ಹೋದೆ ಅಂದುಬಿಟ್ಟಿತು. ರಾತ್ರಿ ಒಂದೂವರೆ ಗಂಟೆ, ಹಾಸ್ಟೆಲ್ ರೂಮು. ಬೆನ್ನು ತಣ್ಣಗಾಯಿತು. ಸೇವ್ ಅಂದರೆ ಏನು ಅಂತಲೇ ಗೊತ್ತಿಲ್ಲದೆ ಬೆಳೆದವನಿಗೆ, ಸೇವ್ ಮಾಡದೇ ಇದ್ದದ್ದನ್ನೂ ನೆನಪಿಟ್ಟುಕೊಳ್ಳೋ ಗೇಮು!

ಈಗ ಕನ್ಸೋಲ್, ಅಂದರೆ ಗೇಮಿಗೆಂದೇ ಇರೋ ಮೆಷಿನ್‌ಗಳ ವಿಷಯಕ್ಕೆ ಬರುತ್ತೇನೆ. 2017ರ ಆಗಸ್ಟ್ 15ಕ್ಕೆ ಪ್ಲೇಸ್ಟೇಷನ್ 4 ಮತ್ತು ಕೈಯಲ್ಲಿ ಹಿಡಿದು ಆಡೋ ಪ್ಲೇಸ್ಟೇಷನ್ ವೀಟಾಗೆ ಬಂತು. ಸ್ವಿಚ್‌ನವರು ಇನ್ನೂ ಕಾಯಬೇಕಾಯಿತು, ಯಾಕೆಂದರೆ ಅಂಡರ್‌ಟೇಲ್ ಕಟ್ಟಿದ್ದು ಗೇಮ್‌ಮೇಕರ್ ಅನ್ನೋ ತಂತ್ರಾಂಶದಲ್ಲಿ, ಅದು ಸ್ವಿಚ್‌ಗೆ ಹೊಂದಿಕೊಂಡಿದ್ದೇ 2018ರಲ್ಲಿ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಸ್ವಿಚ್‌ಗೂ ಬಂತು, ಜಪಾನಿಗೆ 15ಕ್ಕೆ, ಉಳಿದವರಿಗೆ 18ಕ್ಕೆ. ಎಕ್ಸ್‌ಬಾಕ್ಸ್‌ಗೆ 2021ರ ಮಾರ್ಚ್‌ನಲ್ಲಿ. ಗೇಮಿನ ಪರದೆ 640 ಇಂಟು 480, ಅಗಲದ ಟಿವಿಯಲ್ಲಿ ಎರಡೂ ಕಡೆ ಖಾಲಿ ಜಾಗ ಉಳಿಯುತ್ತೆ, ಅಲ್ಲಿಗೆ ಚಂದದ ಅಂಚು ಹಾಕಿದ್ದಾರೆ, ಗೇಮಿನೊಳಗಿನ ಹಿಮದೂರಿಗೆ ಒಂದು, ಜಲಪಾತಕ್ಕೆ ಒಂದು. ಪ್ಲೇಸ್ಟೇಷನ್ ಗೇಮು ಅಂದಮೇಲೆ ಆಡೋವನ ಸಾಧನೆಗೆ ಟ್ರೋಫಿ ಕೊಡಲೇಬೇಕಲ್ಲ, ಅದಕ್ಕೆ ಫಾಕ್ಸ್ ಅದನ್ನೇ ತಮಾಷೆ ಮಾಡಿದ. ಗೇಮಿನಲ್ಲಿ ಬರೋ ನಾಯಿಗೆ ಒಂದು ಗುಡಿ ಕಟ್ಟಿಸಿ ಹುಂಡಿ ಇಟ್ಟ, ಗೇಮಿನೊಳಗಿನ ದುಡ್ಡು ಹಾಕುತ್ತಾ ಹೋದರೆ ಟ್ರೋಫಿ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಸ್ವಿಚ್‌ನಲ್ಲಿ ಒಂದು ಹೊಸ ಜಗಳ ಇದೆ, ಹೃದಯ ಎರಡು ಹೋಳಾಗಿ ಎಡಗೈಗೆ ಒಂದು, ಬಲಗೈಗೆ ಒಂದು ಬರುತ್ತೆ. ನನ್ನ ಕೈಲಿ ಆಗಲಿಲ್ಲ, ಬಿಟ್ಟೆ.

ಭಾವ ಸಿಂಗಾಪುರದಿಂದ ಬರುವಾಗ ಸ್ವಿಚ್ ತಂದಿದ್ದರು. ಅದಕ್ಕೆ ಅಂಡರ್‌ಟೇಲ್ ಹಾಕಿಸಿಕೊಂಡಾಗ ನನ್ನ ತಲೆಯಲ್ಲಿ ಇದ್ದಿದ್ದು ಅಂಚೂ ಅಲ್ಲ, ಹುಂಡಿಯೂ ಅಲ್ಲ. ಈ ಮೆಷಿನ್‌ಗೆ ನನ್ನ ಪರಿಚಯ ಇಲ್ಲ. ಅಲ್ಲಿ, ಹಳೇ ಲ್ಯಾಪ್‌ಟಾಪಿನಲ್ಲಿ, ನಾನು ಕೊಲೆಗಾರ. ಇಲ್ಲಿ ಯಾರೂ ಅಲ್ಲ. ಬೇರೆ ಊರಿಗೆ ವರ್ಗ ಆದ ಹಾಗೆ. ಸೀದಾ ಟೋರಿಯಲ್ ಹತ್ತಿರ ಹೋದೆ, ಒಂದೇ ಒಂದು ಏಟೂ ಹೊಡೆಯದೆ ದಾಟಿದೆ. ಆಚೆ ಫ್ಲೋವಿ ಕಾದಿತ್ತು. ತುಂಬಾ ಬುದ್ಧಿವಂತ ಅಂದುಕೊಂಡಿದ್ದೀಯಾ ಅಲ್ವಾ ಅಂತ ಚುಚ್ಚಿತು. ಮೊದಲ ಸಲವೇ ಸರಿಯಾಗಿ ಆಡಿದ ಯಾರಿಗಾದರೂ ಅದು ಹೇಳೋ ಮಾತೇ ಅದು, ನನಗೆ ಅಂತ ಬರೆದಿದ್ದಲ್ಲ. ಆದರೂ ಮುಖ ಬಿಸಿಯಾಯಿತು ನೋಡಿ.

ಆಮೇಲೆ ದಸರಾ ರಜಕ್ಕೆ ಮೈಸೂರಿಗೆ ಅಕ್ಕನ ಮನೆಗೆ ಹೋದೆ. ಅಕ್ಕನ ಮಗನಿಗೆ ಹತ್ತು ವರ್ಷ. ಟಿವಿಗೆ ಸ್ವಿಚ್ ಹಾಕಿ, ಅವನದೇ ಬೇರೆ ಯೂಸರ್ ಮಾಡಿ, ಮೊದಲಿಂದ ಶುರು ಮಾಡಿಕೊಟ್ಟೆ. ಇಂಗ್ಲಿಷ್ ಸಾಲುಗಳನ್ನು ಜೋರಾಗಿ ಓದುತ್ತಿದ್ದ. ಕನ್ನಡದಲ್ಲಿ ಈ ಗೇಮು ಇಲ್ಲ, ಇಂಗ್ಲಿಷ್ ಮತ್ತು ಜಪಾನಿ ಎರಡೇ. (ಇದರಲ್ಲಿ ಸ್ಯಾನ್ಸ್ ಅನ್ನೋ ಪಾತ್ರ ಕಾಮಿಕ್ ಸ್ಯಾನ್ಸ್ ಫಾಂಟಿನಲ್ಲಿ ಮಾತಾಡುತ್ತೆ. ಕನ್ನಡಕ್ಕೆ ತಂದರೆ ಮದುವೆ ಕಾರ್ಡಿನ ಫಾಂಟ್ ಕೊಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ.) ಟೋರಿಯಲ್ ಫೋನ್ ಮಾಡಿ ಸಿನಮನ್ ಇಷ್ಟವೋ ಬಟರ್‌ಸ್ಕಾಚ್ ಇಷ್ಟವೋ ಅಂತ ಕೇಳಿದಳು.

“ಮಾಮ, ಸಿನಮನ್ ಅಂದ್ರೆ?”

“ಚಕ್ಕೆ ಕಣೋ. ಪಲಾವಿಗೆ ಹಾಕ್ತಾಳಲ್ಲ ನಿಮ್ಮಮ್ಮ.”

“ಥೂ, ಬಟರ್‌ಸ್ಕಾಚ್.”

ಫೋನಿನಲ್ಲಿ ಅವಳನ್ನು ಅಮ್ಮ ಅಂತ ಕರೆಯೋ ಆಯ್ಕೆಯೂ ಇದೆ. ಕಿಸಿಕಿಸಿ ನಗುತ್ತಾ ಅದನ್ನೇ ಒತ್ತಿದ. ಬಾಗಿಲ ಹತ್ತಿರ ಬಂದಾಗ ನಾನು ಏನೂ ಹೇಳಬಾರದು ಅಂತ ತೀರ್ಮಾನ ಮಾಡಿ ಚಕ್ಕುಲಿ ಬಾಯಿಗೆ ಹಾಕಿಕೊಂಡೆ. ನಾಲ್ಕು ಸಲ ಬಿಟ್ಟುಬಿಡು ಒತ್ತಿದ. ಆಮೇಲೆ ಹೊಡೆಯೋಕೆ ಶುರು ಮಾಡಿದ. “ಸುಮ್ನೆ ಸ್ವಲ್ಪ ಹೊಡೀತೀನಿ, ಸಾಯ್ಸಲ್ಲ” ಅಂದ, ನಾನು ಕೇಳದಿದ್ದರೂ. ಚಕ್ಕುಲಿ ಅಗಿಯೋದು ನಿಲ್ಲಿಸಿದೆ.

ಆ ಭಾರೀ ಏಟು ಬಿತ್ತು. ಸ್ವಲ್ಪ ಹೊತ್ತು ಕಂಟ್ರೋಲರ್ ಹಿಡಿದು ಹಾಗೇ ಕೂತಿದ್ದ. ಆಮೇಲೆ ನನ್ನ ಮುಖ ನೋಡದೆ ಗೇಮು ಮುಚ್ಚಿದ, ತೆರೆದ, ಮತ್ತೆ ಬಂದ. ಈ ಸಲ ಹೆಬ್ಬೆರಳು ನೋಯುವಷ್ಟು ಒತ್ತಿದ. ಟೋರಿಯಲ್ ಅಪ್ಪಿಕೊಂಡಳು. ಅವನು ಗೆದ್ದವನ ಹಾಗೆ ಬಾಗಿಲು ದಾಟಿದ, ಹೂವಿನ ಮಾತನ್ನು ಜೋರಾಗಿ ಓದೋಕೆ ಶುರು ಮಾಡಿ ಅರ್ಧಕ್ಕೆ ನಿಂತ.

“ಮಾಮ, ಇದಕ್ಕೆ ನೀನು ಹೇಳಿದ್ಯಾ?”

ಇಲ್ಲ ಅಂದೆ. ನಂಬಲಿಲ್ಲ. ಅಕ್ಕ ಊಟಕ್ಕೆ ಕರೆದಳು. ಕೈ ತೊಳೆಯೋಕೆ ಹೋಗುವಾಗ ನಲ್ಲಿ ಹತ್ತಿರ ನಿಂತು ಮೆಲ್ಲಗೆ ಕೇಳಿದ, “ನೀನೂ ಸಾಯ್ಸಿದ್ಯಾ?”