ಉಪ್ಪುನೀರಿನ ಬೋಟ್: ಕೆಲಸ ಶುರುವಾಗುವುದೇ ಎಂಜಿನ್ ಆಫ್ ಆದ ಮೇಲೆ

ದುಬೈನಲ್ಲಿ ನನ್ನ ಕೆಲಸ ವೇಕ್‌ಬೋರ್ಡ್ ಬೋಟ್‌ಗಳ ರಿಪೇರಿ. ಊರು ಮಲ್ಪೆ ಹತ್ತಿರ. ಅಲ್ಲಿ ಟ್ರಾಲ್ ಬೋಟ್‌ಗಳ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಿ ಕೈ ಪಳಗಿತ್ತು. ಇಲ್ಲಿ ಬಂದ ಮೇಲೆ ಸಿಕ್ಕಿದ್ದು ಮೆತ್ತನೆ ಸೀಟು, ದೊಡ್ಡ ಸ್ಪೀಕರ್, ಟಚ್ ಸ್ಕ್ರೀನ್ ಇರುವ ಪೆಟ್ರೋಲ್ ಬೋಟ್‌ಗಳು. ಎರಡನ್ನೂ ತಿನ್ನುವುದು ಒಂದೇ ಉಪ್ಪು. ಆದರೆ ಮಲ್ಪೆಯ ಬೋಟ್ ಹುಟ್ಟಿದ್ದೇ ಸಮುದ್ರಕ್ಕೆ. ಈ ಬೋಟ್‌ಗಳು ಹುಟ್ಟಿದ್ದು ಸರೋವರಕ್ಕೆ. ನನ್ನ ತಲೆನೋವಿನ ಮುಕ್ಕಾಲು ಪಾಲು ಇದರಿಂದಲೇ ಬರುತ್ತದೆ.

ವೇಕ್‌ಬೋರ್ಡಿಂಗ್ ನೋಡದವರಿಗೆ ಎರಡು ಮಾತು. ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು, ಬೋಟಿಗೆ ಕಟ್ಟಿದ ಸುಮಾರು 20 ಮೀಟರ್ ಹಗ್ಗ ಹಿಡಿದು ನಿಲ್ಲಬೇಕು. ಬೋಟ್ ಗಂಟೆಗೆ 30ರಿಂದ 38 ಕಿಲೋಮೀಟರ್ ವೇಗದಲ್ಲಿ ಎಳೆಯುತ್ತದೆ. ಬೋಟಿನ ಹಿಂದೆ ಏಳುವ ಅಲೆಯ ಮೇಲೆ ಹತ್ತಿ ಹಾರುವುದೇ ಆಟ. ಅಲೆ ದೊಡ್ಡದಾಗಿ ಏಳಬೇಕು ಅಂದರೆ ಬೋಟ್ ನೀರಿನೊಳಗೆ ಆಳಕ್ಕೆ ಕೂರಬೇಕು. ಅದಕ್ಕೆ ಬೋಟಿನ ಹೊಟ್ಟೆಯೊಳಗಿನ ಟ್ಯಾಂಕ್‌ಗಳಿಗೂ ಚೀಲಗಳಿಗೂ ಹೊರಗಿನ ನೀರನ್ನೇ ಪಂಪ್ ಮಾಡಿ ತುಂಬುತ್ತೇವೆ. ಸಾವಿರ ಲೀಟರ್, ಕೆಲವು ಬೋಟ್‌ಗಳಲ್ಲಿ ಇನ್ನೂ ಜಾಸ್ತಿ. ಇದಕ್ಕೆ ಬ್ಯಾಲಸ್ಟ್ ಅನ್ನುತ್ತಾರೆ. ಅಂದರೆ ಇಲ್ಲಿ ನಾವೇ ಕೈಯಾರೆ ಸಮುದ್ರವನ್ನು ಬೋಟಿನೊಳಗೆ ತುಂಬಿಕೊಳ್ಳುತ್ತೇವೆ. ಮಲ್ಪೆಯಲ್ಲಿ ಹೀಗೆ ಮಾಡಿದರೆ ಹುಚ್ಚ ಅಂದಾರು.

ಅಮೆರಿಕ, ಯುರೋಪ್‌ನ ಸರೋವರಗಳಲ್ಲಿ ಆಡಿ ಬಂದ ಗ್ರಾಹಕರು ಕೇಳುವ ಪ್ರಶ್ನೆ ಒಂದೇ. ಸಿಹಿನೀರು ಚೆನ್ನಾಗಿರುತ್ತದಾ, ಉಪ್ಪುನೀರಾ? ಉಪ್ಪುನೀರು ಗಟ್ಟಿ, ಅದರಲ್ಲಿ ಅಲೆ ಏಳುವುದಿಲ್ಲ ಎಂದು ಕೆಲವರು. ಅಲ್ಲ, ಉಪ್ಪುನೀರಿನಲ್ಲೇ ಅಲೆಗೆ ಬಲ ಜಾಸ್ತಿ ಎಂದು ಇನ್ನು ಕೆಲವರು. ಸುಮ್ನೆ ವಾದ ಮಾಡುವ ಬದಲು ಲೆಕ್ಕ ಹಾಕಿ ನೋಡಬಹುದು.

ಒಂದು ಲೀಟರ್ ಸಿಹಿನೀರು ಒಂದು ಕಿಲೋ. ಸಮುದ್ರದ ನೀರು 1.025 ಕಿಲೋ ಆಸುಪಾಸು. ನಮ್ಮ ಈ ಕೊಲ್ಲಿಯಲ್ಲಿ ಉಪ್ಪು ಬೇರೆ ಸಮುದ್ರಗಳಿಗಿಂತ ಜಾಸ್ತಿ. ಸಾಮಾನ್ಯ ಸಮುದ್ರದಲ್ಲಿ ಕಿಲೋ ನೀರಿಗೆ 35 ಗ್ರಾಂ ಇದ್ದರೆ ಇಲ್ಲಿ 40 ಗ್ರಾಂ ಆಸುಪಾಸು. ಬಿಸಿಲಿಗೆ ನೀರು ಆವಿಯಾಗುತ್ತಲೇ ಇರುತ್ತದೆ, ಬಂದು ಸೇರುವ ನದಿ ನೀರು ಕಡಿಮೆ. ಈಗ 2500 ಕಿಲೋ ತೂಗುವ ಬೋಟ್ ತಗೊಳ್ಳಿ. ಸರೋವರದಲ್ಲಿ ತೇಲಲು ಅದು 2500 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಬೇಕು. ಇಲ್ಲಿ ಅದಕ್ಕಿಂತ 60, 70 ಲೀಟರ್ ಕಡಿಮೆ ಸರಿಸಿದರೆ ಸಾಕು. ಅಷ್ಟು ಮಟ್ಟಿಗೆ ಬೋಟ್ ಮೇಲೆ ತೇಲುತ್ತದೆ. ಬ್ಯಾಲಸ್ಟ್ ನೀರಿನಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ. ಒಳಗೆ ತುಂಬಿದ್ದೂ ಹೊರಗೆ ಇರುವುದೂ ಅದೇ ನೀರು ಅಲ್ವಾ. ಹಾಗಾಗಿ ಉಪ್ಪಿನ ಇಡೀ ಮಹಿಮೆ ಇಷ್ಟೇ: ಬೋಟಿಗೆ ಇನ್ನೊಬ್ಬ ಸ್ನೇಹಿತನನ್ನು ಹತ್ತಿಸಿಕೊಂಡರೆ ಸರೋವರದ ಅಲೆಯೇ ಸಿಗುತ್ತದೆ.

ಸವಾರನಿಗೆ ನಿಜವಾಗಿ ಲೆಕ್ಕಕ್ಕೆ ಬರುವುದು ಗಾಳಿ. ಸಣ್ಣ ಸರೋವರದಲ್ಲಿ ಸುತ್ತ ಮರ, ಗುಡ್ಡ ಇರುತ್ತವೆ. ಗಾಳಿ ಬಂದರೂ ನೀರು ಬೇಗ ಕದಡುವುದಿಲ್ಲ. ಇಲ್ಲಿ ಮಧ್ಯಾಹ್ನ ಸಮುದ್ರದ ಗಾಳಿ ಎದ್ದರೆ ಆಯಿತು, ಅಲೆಯ ಮೇಲೆ ಇನ್ನೊಂದು ಅಲೆ. ವಾಯವ್ಯದಿಂದ ಬೀಸುವ ಶಮಾಲ್ ಗಾಳಿ ಹಿಡಿದರೆ ದಿನಗಟ್ಟಲೆ ಬುಕಿಂಗ್ ರದ್ದು. ಅದಕ್ಕೇ ಇಲ್ಲಿನ ಒಳ್ಳೆಯ ಸವಾರರು ಬೆಳಿಗ್ಗೆ ಆರಕ್ಕೇ ಬರುತ್ತಾರೆ. ತಾಳೆಮರದ ಆಕಾರದಲ್ಲಿ ಕಟ್ಟಿದ ಪಾಮ್ ಜುಮೇರಾ ದ್ವೀಪದ ಗರಿಗಳ ನಡುವಿನ ನೀರನ್ನು ಹುಡುಕಿಕೊಂಡು ಹೋಗುವುದೂ ಅದಕ್ಕೇ. ಹೊರಗಿನ ಅರ್ಧಚಂದ್ರದಂಥ ಒಡ್ಡು ದೊಡ್ಡ ಅಲೆಗಳನ್ನು ಅಲ್ಲೇ ತಡೆಯುತ್ತದೆ. ಇನ್ನು ಕಣ್ಣುರಿ, ಮೂಗಿಗೆ ನುಗ್ಗುವ ಉಪ್ಪು, ಕಂಕುಳಲ್ಲಿ ಜಾಕೆಟ್ ಉಜ್ಜಿ ಆಗುವ ಗಾಯ, ಕೆಲವು ತಿಂಗಳು ಲೋಳೆಮೀನು, ಇವೆಲ್ಲ ಇದ್ದದ್ದೇ. ಬೇಸಿಗೆಯಲ್ಲಿ ನೀರೇ 33, 34 ಡಿಗ್ರಿ ಇರುತ್ತದೆ. ಬಿದ್ದರೆ ತಂಪಾಗುತ್ತದೆ ಎಂಬ ಆಸೆಯೂ ಇಲ್ಲ.

ಸವಾರನ ಕಥೆ ಇಲ್ಲಿಗೆ ಮುಗಿಯಿತು. ಅವನಿಗೆ ನೂರಕ್ಕೆ ಎರಡೂವರೆ ಪಾಲಿನ ವ್ಯತ್ಯಾಸ. ಬೋಟಿಗೆ ಹಾಗಲ್ಲ.

1985ರಲ್ಲಿ ಸ್ಯಾನ್ ಡಿಯಾಗೋದ ಟೋನಿ ಫಿನ್ ವೇಕ್‌ಬೋರ್ಡಿನ ಪೂರ್ವಜನಾದ ಸ್ಕರ್ಫರ್ ಎಂಬ ಹಲಗೆ ತಂದಾಗ ಅದು ಸಮುದ್ರದ ಸರ್ಫಿಂಗ್ ಹಲಗೆಯ ತಮ್ಮನಂತಿತ್ತು. ಆಮೇಲೆ ಆಟ ಬೆಳೆದಿದ್ದು ಮಾತ್ರ ಹೆಚ್ಚಾಗಿ ಒಳನಾಡಿನ ಸರೋವರಗಳಲ್ಲಿ. ಹೆಸರಾದ ಬೋಟ್ ಕಂಪನಿಗಳನ್ನೇ ನೋಡಿ. ಮಾಸ್ಟರ್‌ಕ್ರಾಫ್ಟ್ ಮತ್ತು ಮಾಲಿಬು ಇರುವುದು ಅಮೆರಿಕದ ಒಳನಾಡಿನ ರಾಜ್ಯ ಟೆನ್ನೆಸ್ಸಿಯಲ್ಲಿ. ನಾಟೀಕ್ ತಯಾರಾಗುವುದು ಸರೋವರಗಳ ಊರು ಒರ್ಲ್ಯಾಂಡೊದಲ್ಲಿ. ಅಲ್ಲಿನ ಎಂಜಿನಿಯರ್ ಕಣ್ಣ ಮುಂದೆ ಇರುವುದು ಸಿಹಿನೀರು. ಸಮುದ್ರಕ್ಕೆ ಬೇಕು ಅಂದರೆ ಬೇರೆ ಪ್ಯಾಕೇಜ್ ಕೊಡುತ್ತಾರೆ, ಅದಕ್ಕೆ ಬೇರೆ ದುಡ್ಡು. ಆ ದುಡ್ಡು ಉಳಿಸಿದವರ ಬೋಟ್ ನನ್ನ ಹತ್ತಿರ ಜಾಸ್ತಿ ಬರುತ್ತದೆ.

ಮೊದಲನೆಯ ಪ್ರಶ್ನೆ ಎಂಜಿನ್ ತಣ್ಣಗಾಗುವುದು ಹೇಗೆ ಎಂಬುದು. ಹಳೆಯ ಪದ್ಧತಿಯಲ್ಲಿ ಹೊರಗಿನ ನೀರನ್ನು ಎಳೆದು ನೇರವಾಗಿ ಎಂಜಿನ್ ಬ್ಲಾಕ್, ಅಂದರೆ ಸಿಲಿಂಡರ್‌ಗಳಿರುವ ಮುಖ್ಯ ಭಾಗದೊಳಗೇ ಓಡಿಸಿ ಹೊರಗೆ ಬಿಡುತ್ತಾರೆ. ಸರೋವರದಲ್ಲಿ ಇದರಿಂದ ತೊಂದರೆ ಇಲ್ಲ. ಸಮುದ್ರದಲ್ಲಿ ಎರಕದ ಕಬ್ಬಿಣದ ಒಳಗೆ ಉಪ್ಪುನೀರು ಓಡಿದಂತೆ. ಮೇಲಾಗಿ ನೀರು 60 ಡಿಗ್ರಿ ದಾಟಿದರೆ ಲವಣ ಗೋಡೆಗೆ ಪದರ ಕಟ್ಟಲು ಶುರು ಮಾಡುತ್ತದೆ. ಅದಕ್ಕೇ ಇಂಥ ಎಂಜಿನ್‌ಗೆ ಸಮುದ್ರದಲ್ಲಿ 60 ಡಿಗ್ರಿಯ ಥರ್ಮೋಸ್ಟಾಟ್ (ಬಿಸಿ ಅಷ್ಟಾದಾಗ ತಾನೇ ತೆರೆಯುವ ಕವಾಟ) ಹಾಕುತ್ತಾರೆ, ಸಿಹಿನೀರಿನಲ್ಲಿ 71 ಡಿಗ್ರಿಯದು. ಹೊಸ ಪದ್ಧತಿ ಕ್ಲೋಸ್ಡ್ ಕೂಲಿಂಗ್. ಎಂಜಿನ್‌ನೊಳಗೆ ಕಾರಿನಂತೆ ಕೂಲಂಟ್ ಎಂಬ ತಣಿಸುವ ದ್ರವ ಓಡುತ್ತದೆ. ಸಮುದ್ರದ ನೀರು ಹೀಟ್ ಎಕ್ಸ್‌ಚೇಂಜರ್‌ನ ಕೊಳವೆಗಳಲ್ಲಿ ಮಾತ್ರ ಹಾದು, ಕೂಲಂಟಿನ ಬಿಸಿ ಎಳೆದುಕೊಂಡು ಹೊರಗೆ ಹೋಗುತ್ತದೆ.

ಇಲ್ಲೊಂದು ವಿಷಯ ತುಂಬ ಜನರಿಗೆ ಗೊತ್ತಿರುವುದಿಲ್ಲ. ಕ್ಲೋಸ್ಡ್ ಕೂಲಿಂಗ್‌ನಲ್ಲಿ ಪೂರ್ತಿ ಇದೆ, ಅರ್ಧ ಇದೆ. ಅರ್ಧದಲ್ಲಿ ಬ್ಲಾಕ್‌ಗೆ ಮಾತ್ರ ಕೂಲಂಟ್. ಎಂಜಿನ್‌ನ ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳಿಗೆ ಸಮುದ್ರದ ನೀರೇ. ಹೊರಗಿನಿಂದ ಪೇಂಟ್ ಹೊಳೆಯುತ್ತಿರುತ್ತದೆ, ಒಳಗೆ ಮ್ಯಾನಿಫೋಲ್ಡ್‌ನ ಗೋಡೆ ತೆಳುವಾಗುತ್ತಾ ಬರುತ್ತದೆ. ಒಂದು ದಿನ ಅಲ್ಲಿಂದ ನೀರು ಸಿಲಿಂಡರ್‌ಗೆ ಇಳಿಯುತ್ತದೆ. ನಮ್ಮ ಗ್ರಾಹಕರೊಬ್ಬರು ಸರೋವರದಲ್ಲಿ ಓಡಿದ ಸೆಕೆಂಡ್ ಹ್ಯಾಂಡ್ ಬೋಟ್ ತರಿಸಿದ್ದರು. ಮಾರಿದವನು ಕ್ಲೋಸ್ಡ್ ಕೂಲಿಂಗ್ ಇದೆ ಅಂದಿದ್ದ. ಸುಳ್ಳೇನಲ್ಲ, ಅರ್ಧ ಇತ್ತು. ಮ್ಯಾನಿಫೋಲ್ಡ್ ಬಿಚ್ಚಿದಾಗ ತುಕ್ಕಿನ ಪದರ ಚಕ್ಕೆ ಚಕ್ಕೆಯಾಗಿ ಕೈಗೆ ಬಂತು. ಅವರು ಬೋಟಿಗೆ ಕೊಟ್ಟ ದುಡ್ಡು ಒಂದು ಕಡೆ, ಎಂಜಿನ್‌ಗೆ ಸುರಿದ ದುಡ್ಡು ಇನ್ನೊಂದು ಕಡೆ.

ಹಾಗಂತ ಉಪ್ಪುನೀರು ಮುಟ್ಟಿದ ತಕ್ಷಣ ಕಬ್ಬಿಣ ಕರಗುವುದಿಲ್ಲ. ಬೋಟ್ ಓಡುವಾಗ ನೀರು ಹರಿಯುತ್ತಲೇ ಇರುತ್ತದೆ, ಉಪ್ಪು ಕೂರುವುದಿಲ್ಲ. ಕೆಡುವುದು ನಿಂತ ಮೇಲೆ. ಒಳಗೆ ಉಳಿದ ನೀರು ಬಿಸಿಗೆ ಆರುತ್ತದೆ, ಉಪ್ಪು ಹರಳಾಗಿ ಉಳಿಯುತ್ತದೆ. ಆ ಹರಳು ಗಾಳಿಯಲ್ಲಿರುವ ತೇವ ಎಳೆದುಕೊಂಡು ಮತ್ತೆ ಒದ್ದೆಯಾಗುತ್ತದೆ. ಮನೆಯ ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ಹೇಗೆ ನೀರೊಡೆಯುತ್ತದೋ ಹಾಗೆ. ದುಬೈ ಬೇಸಿಗೆಯ ರಾತ್ರಿಗಳಲ್ಲಿ ಆ ತೇವಕ್ಕೆ ಕೊರತೆಯೇ ಇಲ್ಲ. ಬೋಟ್ ವಾರಗಟ್ಟಲೆ ಓಡಿಸಿಲ್ಲ, ಆದರೂ ಹೇಗೆ ಕೆಟ್ಟಿತು ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಓಡಿಸದೇ ಇಟ್ಟಿದ್ದಕ್ಕೇ ಕೆಟ್ಟಿತು ಸರ್.

ಹಾಗಾಗಿ ಗ್ರಾಹಕರು ಟವೆಲ್ ಹೊದ್ದು ಕಾರಿನ ಕಡೆ ಹೋದಾಗ ನಮ್ಮ ಕೆಲಸ ಶುರು. ಇದಕ್ಕೆ ಫ್ಲಶ್ ಮಾಡುವುದು ಅನ್ನುತ್ತೇವೆ. ಹೋಸ್ ಹಚ್ಚಿ ಎಂಜಿನ್ ಓಡಿಸಿ ಸಿಹಿನೀರು ಕುಡಿಸುವುದು. ಕೇಳಲು ಸುಲಭ. ಆದರೆ ಇದರಲ್ಲಿ ಎರಡು ಕಡೆ ಗಮನ ಬೇಕು.

ಒಂದು, ಥರ್ಮೋಸ್ಟಾಟ್. ನೇರವಾಗಿ ಸಮುದ್ರದ ನೀರು ಓಡುವ ಎಂಜಿನ್ ಆರಿದ ಮೇಲೆ ಸ್ಟಾರ್ಟ್ ಮಾಡಿ ಎರಡು ನಿಮಿಷ ನೀರು ಬಿಟ್ಟರೆ ಏನೂ ಪ್ರಯೋಜನವಿಲ್ಲ. ಥರ್ಮೋಸ್ಟಾಟ್ ಮುಚ್ಚಿರುತ್ತದೆ. ಸಿಹಿನೀರು ಬ್ಲಾಕ್‌ನೊಳಗೆ ಸರಿಯಾಗಿ ಹೋಗುವುದೇ ಇಲ್ಲ, ಪಕ್ಕದ ದಾರಿಯಿಂದ ಎಕ್ಸಾಸ್ಟ್‌ಗೆ ಹೋಗಿಬಿಡುತ್ತದೆ. ಹಿಂದಿನಿಂದ ನೀರು ಬರುತ್ತಿದೆ ಎಂದು ಫ್ಲಶ್ ಮಾಡುವ ಹುಡುಗ ಖುಷಿಯಾಗಿರುತ್ತಾನೆ. ಎಂಜಿನ್ ಪೂರ್ತಿ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದ ಮೇಲೂ ಹತ್ತು ನಿಮಿಷ ಓಡಬೇಕು.

ಎರಡು, ನಲ್ಲಿ. ಹೋಸನ್ನು ನೇರವಾಗಿ ಪೈಪಿಗೆ ಜೋಡಿಸುವ ಬೋಟ್‌ಗಳಲ್ಲಿ ಎಂಜಿನ್ ನಿಂತಿರುವಾಗ ನಲ್ಲಿ ಬಿಡಬಾರದು. ಒತ್ತಡದ ನೀರು ಪಂಪ್ ದಾಟಿ ಎಕ್ಸಾಸ್ಟ್‌ನಲ್ಲಿ ತುಂಬಿ ಸಿಲಿಂಡರ್‌ಗೆ ನುಗ್ಗಬಹುದು. ಎಂಜಿನ್ ಸ್ಟಾರ್ಟ್ ಮಾಡಿ ತಕ್ಷಣ ನಲ್ಲಿ ಬಿಡಬೇಕು. ನಿಲ್ಲಿಸುವಾಗ ಮೊದಲು ನಲ್ಲಿ, ಹಿಂದೆಯೇ ಎಂಜಿನ್. ನಡುವೆ ತಡ ಮಾಡಿದರೆ ಪಂಪ್ ಒಣಗಿ ಓಡುತ್ತದೆ, ಒಳಗೆ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಸುಟ್ಟು ಹರಿದುಹೋಗುತ್ತದೆ. ಹೊಸದಾಗಿ ಸೇರಿದ ಕುಂದಾಪುರದ ಹುಡುಗನಿಗೆ ಇದನ್ನು ಹೇಳಿದಾಗ, "ಅಣ್ಣ, ಹಾಗಾದ್ರೆ ಇಬ್ಬರು ಬೇಕಲ್ವಾ, ಒಬ್ಬ ನಲ್ಲಿ ಹತ್ರ, ಒಬ್ಬ ಕೀ ಹತ್ರ?" ಅಂದ. ಹೌದು, ಇಬ್ಬರು ಬೇಕು. ಒಬ್ಬರೇ ಸಾಕು ಎಂದು ಸಂಬಳ ಉಳಿಸುವ ಮಾಲೀಕರಿಗೆ ಇದನ್ನು ತಿಳಿಸುವುದೇ ಕಷ್ಟ.

ಇನ್ನೊಂದು ತಮಾಷೆ. ದುಬೈನ ನಲ್ಲಿ ನೀರು ಬಹುತೇಕ ಎಲ್ಲವೂ ಸಮುದ್ರದ ನೀರಿನಿಂದ ಉಪ್ಪು ತೆಗೆದದ್ದು. ಅಷ್ಟು ಖರ್ಚು ಮಾಡಿ ಉಪ್ಪು ತೆಗೆದ ನೀರಿನಿಂದ ನಾವು ಮತ್ತೆ ಉಪ್ಪು ತೊಳೆಯುತ್ತೇವೆ.

ಎಂಜಿನ್ ಫ್ಲಶ್ ಮಾಡುವ ಅಭ್ಯಾಸ ಈಗ ಎಲ್ಲರಿಗೂ ಬಂದಿದೆ. ಬ್ಯಾಲಸ್ಟ್ ಮರೆಯುತ್ತಾರೆ. ನೀರು ಖಾಲಿ ಮಾಡಿದೆವು, ಮುಗಿಯಿತು ಎಂಬ ಲೆಕ್ಕ. ಆದರೆ ಖಾಲಿಯಾದ ಚೀಲದ ತಳದಲ್ಲಿ, ಪೈಪಿನ ತಗ್ಗಿನಲ್ಲಿ, ಪಂಪಿನ ಹೊಟ್ಟೆಯಲ್ಲಿ ಸ್ವಲ್ಪ ಉಳಿದೇ ಇರುತ್ತದೆ. ಆರಿದರೆ ಪಂಪಿನ ಇಂಪೆಲ್ಲರ್ ಹರಳಿಗೆ ಅಂಟುತ್ತದೆ. ಮುಂದಿನ ಸಲ ಸ್ವಿಚ್ ಒತ್ತಿದಾಗ ಮೋಟರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ, ಫ್ಯೂಸ್ ಹೋಗುತ್ತದೆ. ಒಂದು ಕಡೆಯ ಚೀಲ ತುಂಬಿ ಇನ್ನೊಂದು ತುಂಬದೇ ಬೋಟ್ ವಾಲಿಕೊಂಡು ನಿಂತಿರುತ್ತದೆ, ಗ್ರಾಹಕರು ಬಂದಿರುತ್ತಾರೆ. ಜೊತೆಗೆ ವಾಸನೆ. ಸಮುದ್ರದ ನೀರಿನ ಜೊತೆ ಒಳಗೆ ಹೋದ ಸಣ್ಣ ಜೀವಿಗಳು ಬಿಸಿ ಬೋಟಿನ ಹೊಟ್ಟೆಯಲ್ಲಿ ಕೊಳೆತರೆ ಹೇಗಿರುತ್ತದೆ ಎಂದು ಮೀನು ಬಂದರು ನೋಡಿದವರಿಗೆ ಹೇಳಬೇಕಾಗಿಲ್ಲ. ದಿನದ ಕೊನೆಯಲ್ಲಿ ಪ್ರತಿ ಚೀಲಕ್ಕೂ ಸ್ವಲ್ಪ ಸಿಹಿನೀರು ಬಿಟ್ಟು ಅದೇ ಪಂಪಿನಿಂದ ಹೊರಗೆ ಹಾಕಿ. ಅರ್ಧ ಗಂಟೆಯ ಕೆಲಸ.

ಆಮೇಲೆ ಆನೋಡ್. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಸೇರಿದರೆ ಬ್ಯಾಟರಿಯಂತೆ ಕರೆಂಟ್ ಹರಿದು ಒಂದು ಲೋಹ ಸವೆಯುತ್ತದೆ. ಪ್ರೊಪೆಲ್ಲರ್, ಶಾಫ್ಟ್, ರಡ್ಡರ್ ಸವೆಯಬಾರದು ಎಂದು ಬೇಗ ಸವೆಯುವ ಇನ್ನೊಂದು ಲೋಹದ ತುಂಡನ್ನು ಕಟ್ಟಿರುತ್ತಾರೆ. ಸಮುದ್ರಕ್ಕೆ ಝಿಂಕ್ ಅಥವಾ ಅಲ್ಯೂಮಿನಿಯಂ. ಸಿಹಿನೀರಿಗೆ ಮೆಗ್ನೀಷಿಯಂ. ಸರೋವರದ ಬೋಟನ್ನು ಹಾಗೇ ಸಮುದ್ರಕ್ಕೆ ಇಳಿಸಿದರೆ ಮೆಗ್ನೀಷಿಯಂ ತುಂಡು ಬಹಳ ಬೇಗ ಕರಗಿ ಹೋಗುತ್ತದೆ. ಅದಾದ ಮೇಲೆ ಪ್ರೊಪೆಲ್ಲರ್ ಸರದಿ. ತಿರುಗಾಮುರುಗಾ ಆದರೂ ಕಷ್ಟವೇ. ಝಿಂಕ್ ಸಿಹಿನೀರಿನಲ್ಲಿ ಮೇಲೊಂದು ಪದರ ಕಟ್ಟಿಕೊಂಡು ಸುಮ್ಮನಾಗುತ್ತದೆ. ತುಂಡು ಹೊಸದರಂತೆ ಕಾಣುತ್ತದೆ, ಕೆಲಸ ಮಾಡುತ್ತಿರುವುದಿಲ್ಲ. ಆನೋಡ್ ಸವೆದಿದ್ದರೆ ನನಗೆ ಸಮಾಧಾನ. ಸವೆಯದೇ ಇದ್ದರೆ ವೈರ್ ಎಲ್ಲಿ ಬಿಟ್ಟಿದೆ ಎಂದು ಹುಡುಕುತ್ತೇನೆ.

ಇದೇ ಜಗಳ ನೀರಿನ ಮೇಲೆಯೂ ನಡೆಯುತ್ತದೆ. ಹಗ್ಗ ಕಟ್ಟುವ ಟವರ್ ಅಲ್ಯೂಮಿನಿಯಂ, ಅದರ ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲ್. ಸಿಡಿದ ಉಪ್ಪುನೀರು ಎರಡರ ಸಂದಿಗೆ ಹೋಗುತ್ತದೆ. ಮೊದಲು ಬೋಲ್ಟ್ ಸುತ್ತ ಪೇಂಟ್ ಗುಳ್ಳೆ ಏಳುತ್ತದೆ, ಒಳಗೆ ಬಿಳಿ ಪುಡಿ. ಗುಳ್ಳೆ ನೋಡಿ ಬರೀ ಪೇಂಟ್ ಹೊಡೆಯುವವರಿದ್ದಾರೆ. ಬೋಲ್ಟ್ ಬಿಚ್ಚಿ, ತೊಳೆದು, ಸಂದಿಗೆ ತುಕ್ಕು ತಡೆಯುವ ಪೇಸ್ಟ್ ಹಚ್ಚಿ ಕೂರಿಸಬೇಕು. ಸವಾರನನ್ನು ಎಳೆಯುವ ಜಾಗ ಅದು. ಸವಾರರ ಸಾಮಾನಿಗೂ ಇದೇ ಗತಿ. ಬೂಟಿನ ಸ್ಕ್ರೂ ಹಲಗೆಯಲ್ಲಿ ಹಿಡಿದುಕೊಂಡು ಬಿಡುತ್ತದೆ, ವೆಟ್‌ಸೂಟಿನ ಜಿಪ್ ಮೇಲೆ ಬರುವುದಿಲ್ಲ. ಬಕೆಟ್ ನೀರು ಸಾಕು, ಆದರೆ ಅದೇ ದಿನ ಹಾಕಬೇಕು.

ಸಿಹಿನೀರಿನವರಿಗೆ ಚಿಂತೆಯೇ ಇಲ್ಲ ಅಂತಲ್ಲ. ಟೆನ್ನೆಸ್ಸಿಯಲ್ಲಿ ಚಳಿಗಾಲಕ್ಕೆ ಮುಂಚೆ ಎಂಜಿನ್‌ನ ನೀರು ಪೂರ್ತಿ ತೆಗೆಯದಿದ್ದರೆ ಒಂದೇ ರಾತ್ರಿಯ ಹಿಮಕ್ಕೆ ಬ್ಲಾಕ್ ಬಿರುಕು ಬಿಡಬಹುದು. ಒಂದು ಸರೋವರದ ಬ್ಯಾಲಸ್ಟ್ ನೀರನ್ನು ಇನ್ನೊಂದಕ್ಕೆ ಒಯ್ಯುವುದಕ್ಕೂ ಅಮೆರಿಕದ ಹಲವು ರಾಜ್ಯಗಳಲ್ಲಿ ತಡೆ ಇದೆ. 1988ರಲ್ಲಿ ಗ್ರೇಟ್ ಲೇಕ್ಸ್ ಸೀಮೆಯಲ್ಲಿ ಕಂಡ ಝೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಹೀಗೆ ಬೋಟ್‌ಗಳ ಜೊತೆ ಪ್ರಯಾಣ ಮಾಡುತ್ತದೆ. ಅವರಿಗೆ ವರ್ಷಕ್ಕೊಮ್ಮೆ ದೊಡ್ಡ ಕೆಲಸ, ನಮಗೆ ದಿನಾ ಸಣ್ಣ ಕೆಲಸ. ದಿನಾ ಮಾಡುವ ಕೆಲಸವೇ ಜಾಸ್ತಿ ತಪ್ಪಿಹೋಗುವುದು. ಅದಕ್ಕೆ ನಮ್ಮ ವರ್ಕ್‌ಶಾಪಿನಲ್ಲಿ ಬೋಟಿನ ಕೀ ಜೊತೆಗೇ ಫ್ಲಶ್ ಪುಸ್ತಕ ಕಟ್ಟಿಟ್ಟಿದ್ದೇನೆ. ಎಂಜಿನ್, ಬ್ಯಾಲಸ್ಟ್, ಟವರ್, ಮೂರಕ್ಕೂ ಸಹಿ ಬೀಳದೆ ಕೀ ಗೂಡಿಗೆ ಹೋಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಬೋಟ್ ನೋಡಲು ಹೋಗುವವರು ನನಗೆ ಫೋನ್ ಮಾಡುತ್ತಿರುತ್ತಾರೆ. ಎಷ್ಟು ಗಂಟೆ ಓಡಿದೆ ಎಂದು ಮೊದಲು ಕೇಳಬೇಡಿ. ಯಾವ ನೀರಿನಲ್ಲಿ ಓಡಿದೆ, ಓಡಿದ ಮೇಲೆ ಎಲ್ಲಿ ನಿಲ್ಲುತ್ತಿತ್ತು ಎಂದು ಕೇಳಿ. ನೀರಿನಲ್ಲೇ ಕಟ್ಟಿಡುತ್ತಿದ್ದರಾ, ಲಿಫ್ಟ್ ಮೇಲೆ ಎತ್ತುತ್ತಿದ್ದರಾ? ಸೀಟು, ಸ್ಪೀಕರ್ ಆಮೇಲೆ ನೋಡಿದರಾಯಿತು. ಮ್ಯಾನಿಫೋಲ್ಡ್‌ಗೆ ಹೋಗುವ ಪೈಪ್ ಕೂಲಂಟಿನದ್ದಾ, ಸಮುದ್ರದ್ದಾ ಎಂದು ಕೈಯಿಂದ ಹಿಡಿದು ಕೊನೆಯವರೆಗೆ ಹೋಗಿ. ಬ್ಯಾಲಸ್ಟ್ ಪಂಪ್ ಒಂದೊಂದನ್ನೂ ಓಡಿಸಿ ನೋಡಿ. ಮಾರುವವನು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.